ಚಿನ್ನದ ನಾಡಿನ ಲೆಕ್ಕ, ವಿದ್ಯೆಯ ಲೆಕ್ಕ: ಅಂಕಿಅಂಶಗಳ ದಿವಾನ ವಿಶ್ವೇಶ್ವರಯ್ಯ

ಕನ್ನಂಬಾಡಿ ಕಟ್ಟೆ ಎಂದೊಡನೆ ಮಂಡ್ಯದ ಹಸಿರು ಗದ್ದೆಗಳು ಕಣ್ಣ ಮುಂದೆ ಸುಳಿಯುತ್ತವೆ. ಆದರೆ ಆ ಕಟ್ಟೆಯ ಕಡತ ಮುಂದಕ್ಕೆ ಸಾಗಲು ಗದ್ದೆಗಳಷ್ಟೇ ಕಾರಣವಲ್ಲ. ಸಂಸ್ಥಾನದ ಪೂರ್ವದ ಅಂಚಿನಲ್ಲಿದ್ದ ಕೋಲಾರ ಚಿನ್ನದ ಗಣಿಗೂ ಅದರಲ್ಲಿ ದೊಡ್ಡ ಪಾಲಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ ಅದು ಮೊದಲು ಹರಿದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಬಳಿಕ. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದರೆ ಗಣಿಯ ಯಂತ್ರಗಳಿಗೆ ವಿದ್ಯುತ್ ಸಾಲುತ್ತಿರಲಿಲ್ಲ. ಗಣಿ ಆಳವಾದಂತೆ ಬೇಡಿಕೆಯೂ ಏರುತ್ತಿತ್ತು.

1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಬೇಡಿಕೆಯನ್ನೇ ತಮ್ಮ ಯೋಜನೆಯ ಬೆನ್ನೆಲುಬಾಗಿ ಮಾಡಿಕೊಂಡರು. ಕಟ್ಟೆಗೆ ತಗಲುವ ವೆಚ್ಚ ಒಂದು ಕಡೆ, ಗಣಿ ಕಂಪನಿಗಳಿಗೆ ಹೆಚ್ಚುವರಿ ವಿದ್ಯುತ್ ಮಾರಿದರೆ ಬರುವ ಹಣ ಇನ್ನೊಂದು ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ, ಹಣಕಾಸಿನ ಹೆಸರಿನಲ್ಲಿ ಎದ್ದಿದ್ದ ಆಕ್ಷೇಪಗಳು ತಣ್ಣಗಾದವು. 1911ರ ನವೆಂಬರ್‌ನಲ್ಲಿ ಕಾಮಗಾರಿ ಆರಂಭವಾಯಿತು. ಮಂಡ್ಯದ ಬಯಲಿಗೆ ದೊಡ್ಡ ನಾಲೆಯ ನೀರು ಹರಿದದ್ದು 1930ರ ದಶಕದಲ್ಲಿ.

ಈ ಪ್ರಸಂಗ ಎಂಜಿನಿಯರಿಂಗ್ ಇತಿಹಾಸದ ಪುಟಗಳಲ್ಲಿ ಸಾಕಷ್ಟು ದಾಖಲಾಗಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಅದೇ ವ್ಯಕ್ತಿ ಇದೇ ವಿಧಾನವನ್ನು ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಿಗೂ ಅನ್ವಯಿಸಿದರು ಎಂಬುದು. ಇಂದು ಉನ್ನತ ಶಿಕ್ಷಣ ಕ್ಷೇತ್ರದಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ಎಂಬ ಮಾತು ಬಳಕೆಗೆ ಬಂದಿದೆ. ಅಲ್ಲಲ್ಲಿ ಚದುರಿಬಿದ್ದ ದಾಖಲೆಗಳನ್ನು ಒಂದೆಡೆ ಸೇರಿಸಿ, ಹೋಲಿಸಿ, ಆಡಳಿತದ ನಿರ್ಧಾರಕ್ಕೆ ಒದಗುವಂತೆ ಮಂಡಿಸುವ ಕ್ರಮ ಅದು. ಗಣಕಯಂತ್ರದ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಕೈಬರಹದ ತಖ್ತೆಗಳನ್ನು ನೆಚ್ಚಿಕೊಂಡು ಮೈಸೂರು ಸಂಸ್ಥಾನದಲ್ಲಿ ಅಂಥದ್ದೇ ಕೆಲಸ ನಡೆದಿತ್ತು. ಅದರ ಫಲವೂ ದೊಡ್ಡದಿತ್ತು. ಕೊನೆಗೆ ಅದೇ ಲೆಕ್ಕ ಅದನ್ನು ನಂಬಿದ ದಿವಾನರ ಎದುರು ನಿಂತದ್ದೂ ಉಂಟು.

ಕೋಲಾರ ಜಿಲ್ಲೆಯ ಹುಡುಗ

ವಿಶ್ವೇಶ್ವರಯ್ಯನವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಆ ಊರು ಕೋಲಾರ ಜಿಲ್ಲೆಯದೇ ಆಗಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮುಗಿಸಿ, ಬೆಂಗಳೂರಿನಲ್ಲಿದ್ದ ಸೋದರಮಾವನ ಆಶ್ರಯ ಸೇರಿದ. ಮನೆಪಾಠ ಹೇಳಿ ಸಂಪಾದಿಸಿದ ಹಣದಲ್ಲಿ ಓದು ಸಾಗಿತು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿದದ್ದು 1881ರಲ್ಲಿ.

ಅಂದು ಸೆಂಟ್ರಲ್ ಕಾಲೇಜು ಇದ್ದದ್ದು ಬೆಂಗಳೂರಿನಲ್ಲಾದರೂ ಪದವಿ ಕೊಡುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾಲಯ. ಮೈಸೂರಿಗೆ ತನ್ನದೇ ಪರೀಕ್ಷೆ ಇಲ್ಲ, ತನ್ನದೇ ಪಠ್ಯಕ್ರಮ ಇಲ್ಲ. ಎಂಜಿನಿಯರಿಂಗ್ ಓದಬೇಕೆಂದರೆ ಸಂಸ್ಥಾನದಲ್ಲಿ ಕಾಲೇಜೇ ಇಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋದ ಈ ತರುಣ 1883ರಲ್ಲಿ ಮುಂಬಯಿ ಪ್ರಾಂತ್ಯದ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದ. ಒಂದು ವಿದ್ಯಾರ್ಥಿವೇತನ ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅವರ ಜೀವನವೇ ಉದಾಹರಣೆಯಾಗಿತ್ತು. ಮುಂದೆ ದಿವಾನರಾದಾಗ ವಿದ್ಯಾರ್ಥಿವೇತನಗಳಿಗೆ, ವಿದೇಶ ವ್ಯಾಸಂಗಕ್ಕೆ ಅವರು ಕೊಟ್ಟ ಒತ್ತು ಈ ಅನುಭವದಿಂದ ಬಂದದ್ದೆಂದು ಭಾವಿಸಲು ಅಡ್ಡಿಯಿಲ್ಲ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಆಗಿ ನಾಸಿಕ್‌ನಲ್ಲಿ ಸೇವೆಗೆ ಸೇರಿದರು. ಸಿಂಧ್ ಪ್ರಾಂತ್ಯದ ಸುಕ್ಕೂರ್‌ಗೆ ನೀರು ಸರಬರಾಜು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳು, ನೀರಾವರಿಯಲ್ಲಿ ಬ್ಲಾಕ್ ಪದ್ಧತಿ ಹೀಗೆ ಸುಮಾರು ಕಾಲು ಶತಮಾನದ ಸಾಧನೆಗಳು ಪಠ್ಯಪುಸ್ತಕಗಳಲ್ಲಿಯೂ ಬಂದಿವೆ. ಅವುಗಳ ವಿವರ ಇಲ್ಲಿ ಅನಗತ್ಯ.

ಜಪಾನ್ ತೆರೆಸಿದ ಕಣ್ಣು

1898ರ ಜಪಾನ್ ಪ್ರವಾಸದ ಕಥೆ ಮಾತ್ರ ಬೇರೆ. ಸೇವೆಯಲ್ಲಿದ್ದಾಗಲೇ ರಜೆ ಹಾಕಿ ಸ್ವಂತ ಆಸಕ್ತಿಯಿಂದ ಕೈಗೊಂಡ ಪ್ರವಾಸವದು. 1872ರಲ್ಲಿ ರಾಷ್ಟ್ರೀಯ ಶಿಕ್ಷಣ ವ್ಯವಸ್ಥೆಗೆ ಕೈಹಾಕಿದ್ದ ಜಪಾನ್ ಒಂದೇ ಪೀಳಿಗೆಯಲ್ಲಿ ತನ್ನ ಮಕ್ಕಳನ್ನು ಶಾಲೆಗೆ ಕಳಿಸಿತ್ತು, ವಿಶ್ವವಿದ್ಯಾಲಯ ಕಟ್ಟಿತ್ತು, ಕಾರ್ಖಾನೆ ತೆರೆದಿತ್ತು. ಏಷ್ಯಾದ ಒಂದು ದೇಶಕ್ಕೆ ಇದು ಸಾಧ್ಯವಾದರೆ ಭಾರತಕ್ಕೆ ಏಕೆ ಆಗದು ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅದಾದ ಮೇಲೆ ಅವರ ಪ್ರತಿ ಭಾಷಣದಲ್ಲಿಯೂ, ಪ್ರತಿ ಟಿಪ್ಪಣಿಯಲ್ಲಿಯೂ ಹೋಲಿಕೆಯ ಅಂಕಿಗಳು ಕಾಣಿಸಿಕೊಳ್ಳತೊಡಗಿದವು: ಜಪಾನ್, ಕೆನಡಾ, ಆಸ್ಟ್ರೇಲಿಯಾ, ಅಮೆರಿಕ, ಅವುಗಳ ಪಕ್ಕದಲ್ಲಿ ಮೈಸೂರು. ತಲಾ ಆದಾಯ ಎಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು, ಸರ್ಕಾರ ಖರ್ಚು ಮಾಡುವ ಹಣವೆಷ್ಟು.

ಮುಂಬಯಿ ಸೇವೆಯಿಂದ ಅವಧಿಗೆ ಮುನ್ನವೇ ನಿವೃತ್ತರಾಗಿ, ಮೂಸಿ ನದಿಯ ಪ್ರವಾಹದಿಂದ ಜರ್ಜರಿತವಾಗಿದ್ದ ಹೈದರಾಬಾದಿನ ಪುನರ್ನಿರ್ಮಾಣದಲ್ಲಿ ತೊಡಗಿದ್ದಾಗ ಮೈಸೂರಿನಿಂದ ಕರೆ ಬಂತು. ಅವರು ತಕ್ಷಣ ಒಪ್ಪಲಿಲ್ಲ. ಕಟ್ಟಡ, ಸೇತುವೆಗಳಿಗಷ್ಟೇ ಸೀಮಿತವಾದ ಹುದ್ದೆಯಲ್ಲಿ ಅವರಿಗೆ ಆಸಕ್ತಿ ಉಳಿದಿರಲಿಲ್ಲ. ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳ ಬೆಳವಣಿಗೆಗೆ ಅವಕಾಶ ದೊರೆಯುವುದೆಂಬ ಭರವಸೆ ಸಿಕ್ಕಿದ ನಂತರವೇ ಅವರು ಸಂಸ್ಥಾನಕ್ಕೆ ಬಂದದ್ದು.

ಬೌರಿಂಗ್‌ಪೇಟೆಯಿಂದ ಬರುತ್ತಿದ್ದ ಹಣ

ಅವರು ಬಂದ ಕಾಲಕ್ಕೆ ಸಂಸ್ಥಾನದ ಬೊಕ್ಕಸದ ಒಂದು ಬಾಗಿಲು ಕೋಲಾರ ಜಿಲ್ಲೆಯಲ್ಲಿತ್ತು. ಇಂದಿನ ಬಂಗಾರಪೇಟೆಗೆ ಅಂದು ಬೌರಿಂಗ್‌ಪೇಟೆ ಎಂದು ಹೆಸರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರದು. ಬೆಂಗಳೂರು-ಜೋಲಾರ್‌ಪೇಟೆ ರೈಲು ಮಾರ್ಗದ ಈ ನಿಲ್ದಾಣದಿಂದ 1894ರಲ್ಲಿ ಮಾರಿಕುಪ್ಪಂವರೆಗೆ ಕವಲು ಮಾರ್ಗ ಹಾಕಲಾಯಿತು. ಗಣಿಗೆ ಬೇಕಾದ ಯಂತ್ರ, ಕಲ್ಲಿದ್ದಲು, ಮರಮುಟ್ಟು ಮತ್ತು ಮನುಷ್ಯರು ಒಳಹೋಗುತ್ತಿದ್ದುದು ಈ ದಾರಿಯಿಂದಲೇ. ಕಾರ್ಮಿಕರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಜಿಲ್ಲೆಯ ತಮಿಳರು, ಅವರಲ್ಲಿಯೂ ಬಹುಪಾಲು ಅಸ್ಪೃಶ್ಯರೆಂದು ಊರಾಚೆ ಇಡಲ್ಪಟ್ಟಿದ್ದ ಸಮುದಾಯದವರು.

ಜಾನ್ ಟೇಲರ್ ಅಂಡ್ ಸನ್ಸ್ ನಿರ್ವಹಣೆಯ ಚಾಂಪಿಯನ್ ರೀಫ್, ಮೈಸೂರು, ಊರಿಗಾಂ, ನಂದಿದುರ್ಗ ಗಣಿಗಳು 1905ರಲ್ಲಿ ಸುಮಾರು 6 ಲಕ್ಷ ಔನ್ಸ್ ಚಿನ್ನ ತೆಗೆದವು. ಗಣಿಗಳ ಇತಿಹಾಸದಲ್ಲಿ ಅದೇ ಶಿಖರ. ತೆಗೆದ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಯಧನ ಸಲ್ಲುತ್ತಿತ್ತು. ಆದ್ದರಿಂದ ಅಲ್ಲಿನ ಲೆಕ್ಕ ಕರಾರುವಾಕ್ಕು. ಎಷ್ಟು ಟನ್ ಅದಿರು ಪುಡಿಯಾಯಿತು, ಎಷ್ಟು ಔನ್ಸ್ ದೊರೆಯಿತು, ಷೇರುದಾರನಿಗೆ ಎಷ್ಟು ಲಾಭಾಂಶ ಎಂಬುದು ಲಂಡನ್ನಿಗೆ ನಿಯತವಾಗಿ ತಲುಪುತ್ತಿತ್ತು. ಒಂದು ಗುಂಜಿ ಚಿನ್ನ ತಪ್ಪಿದರೂ ಪೊಲೀಸರು ಬರುತ್ತಿದ್ದ ಊರಿದು.

ಶಾಲೆಗಳ ವಿಚಾರದಲ್ಲಿ ಸಂಸ್ಥಾನಕ್ಕೆ ಅಂಥ ಕಟ್ಟುನಿಟ್ಟು ಇರಲಿಲ್ಲ. ವಿದ್ಯಾ ಇಲಾಖೆ ವಾರ್ಷಿಕ ವರದಿ ಪ್ರಕಟಿಸುತ್ತಿತ್ತು ನಿಜ. ಅದನ್ನು ಓದಿ ಮುಂದಿನ ವರ್ಷ ಏನು ಮಾಡಬೇಕೆಂದು ಕೇಳುವವರಿರಲಿಲ್ಲ. 1911ರ ಜನಗಣತಿಯ ಪ್ರಕಾರ ಮೈಸೂರಿನ ಜನಸಂಖ್ಯೆ 58 ಲಕ್ಷ. ಅಕ್ಷರ ಬಲ್ಲವರು ನೂರಕ್ಕೆ ಆರು ಮಂದಿಯ ಆಸುಪಾಸು. ಮಹಿಳೆಯರಲ್ಲಂತೂ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು.

ಸಂಪದಭ್ಯುದಯ ಸಮಾಜದ ತಖ್ತೆಗಳು

ಆ ವರ್ಷವೇ, ಅಂದರೆ 1911ರ ಜೂನ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ವಿಶ್ವೇಶ್ವರಯ್ಯನವರ ಕಲ್ಪನೆಯ ಕೂಸು. ಕನ್ನಡದಲ್ಲಿ ಅದು ಸಂಪದಭ್ಯುದಯ ಸಮಾಜವೆಂದು ಹೆಸರಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು. ಅವುಗಳ ಕೆಳಗೆ ಜಿಲ್ಲಾ ಸಮಿತಿ, ತಾಲೂಕು ಸಮಿತಿಗಳು. ಅಧಿಕಾರಿಗಳ ಜತೆ ವರ್ತಕರು, ವಕೀಲರು, ಜಮೀನುದಾರರು ಕುಳಿತು ಚರ್ಚಿಸುವ ವ್ಯವಸ್ಥೆ. ಚರ್ಚೆಗೆ ಮೊದಲು ಅಂಕಿಅಂಶ ಸಿದ್ಧವಿರಬೇಕೆಂಬುದು ಅಲ್ಲಿನ ನಿಯಮ. ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೆ (1915) ಪ್ರೇರಣೆ ದೊರೆತದ್ದೂ ಇದೇ ಸಮಾಜದ ಕಲಾಪದಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು.

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಎಂಜಿನಿಯರೊಬ್ಬರು ಆ ಪೀಠವೇರಿದ್ದು ಹಲವರ ಹುಬ್ಬೇರಿಸಿತ್ತು. ಅವರ ಕುರಿತು ನಾಡಿನಲ್ಲಿ ದಂತಕಥೆಗಳಿಗೇನೂ ಬರವಿಲ್ಲ. ಸರ್ಕಾರದ ಮೇಣದಬತ್ತಿ, ಸ್ವಂತದ ಮೇಣದಬತ್ತಿಯ ಕಥೆಯನ್ನು ಕೇಳದ ಶಾಲಾ ಮಗುವಿಲ್ಲ. ಇಂಥ ಕಥೆಗಳ ಬೆಳಕಿನಲ್ಲಿ ಅವರ ಆಡಳಿತ ಕ್ರಮವೇ ಮಸುಕಾಗಿರುವುದು ವಿಷಾದದ ಸಂಗತಿ. ಕಚೇರಿಗಳಿಗೆ ಕಾರ್ಯದಕ್ಷತೆಯ ತಪಾಸಣೆ ತಂದವರು ಅವರು. ಯಾವ ಕೆಲಸ, ಯಾರ ಹೊಣೆ, ಯಾವ ದಿನಾಂಕದೊಳಗೆ ಎಂಬುದು ಬರಹದಲ್ಲಿರಬೇಕು. ನಿಗದಿತ ಅವಧಿಗೊಮ್ಮೆ ಪ್ರಗತಿಯ ತಖ್ತೆ ಮೇಲಕ್ಕೆ ಹೋಗಬೇಕು. ತಖ್ತೆ ಕಳಿಸಿದರೆ ಸಾಲದು, ಹಿಂದಿನ ಅವಧಿಗಿಂತ ಏನು ಬದಲಾಗಿದೆ ಎಂಬ ವಿವರಣೆಯೂ ಬೇಕು. ಅಮಲ್ದಾರರಿಂದ ಹಿಡಿದು ಕಾರ್ಯದರ್ಶಿಗಳವರೆಗೆ ಎಲ್ಲರಿಗೂ ಇದೊಂದು ಹೊಸ ಕಾಟವೆನಿಸಿದ್ದಲ್ಲಿ ಆಶ್ಚರ್ಯವಿಲ್ಲ.

ಪ್ರಜಾಪ್ರತಿನಿಧಿ ಸಭೆಯ ದಸರಾ ಅಧಿವೇಶನದಲ್ಲಿ ದಿವಾನರು ಭಾಷಣ ಮಾಡುವ ಪದ್ಧತಿ 1881ರಿಂದಲೂ ಇತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಆ ಭಾಷಣ ಪ್ರಜೆಗಳ ಮುಂದೆ ಇಡುವ ಲೆಕ್ಕಪತ್ರದ ರೂಪ ತಾಳಿತು. ಆಯವ್ಯಯದ ಚರ್ಚೆಗೆಂದು ವರ್ಷಕ್ಕೆ ಎರಡನೆಯ ಅಧಿವೇಶನವೂ ಸೇರಿತು. ಶಾಲೆಗಳ ಸಂಖ್ಯೆ ಎಷ್ಟು ಹೆಚ್ಚಿತು, ಹೆಣ್ಣುಮಕ್ಕಳು ಎಷ್ಟು ಸೇರಿದರು ಎಂಬುದನ್ನು ಕೋಲಾರದಿಂದ, ಚಿತ್ರದುರ್ಗದಿಂದ ಬಂದ ಪ್ರತಿನಿಧಿ ಕೇಳಿಸಿಕೊಂಡು, ತನ್ನ ತಾಲೂಕಿನ ಪಾಲೇನೆಂದು ಪ್ರಶ್ನಿಸಲು ಸಾಧ್ಯವಾಯಿತು. ವರದಿ ಮೇಲಧಿಕಾರಿಗೆ ಮಾತ್ರ ಮೀಸಲಾಗದೆ ಸಭೆಯ ಮುಂದೆಯೂ ಬಂದದ್ದು ಸಣ್ಣ ಬದಲಾವಣೆಯಲ್ಲ.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. ಅವರು ದಿವಾನರಾಗುವ ಹೊತ್ತಿಗೆ ಸಂಸ್ಥಾನದಲ್ಲಿದ್ದ ಶಾಲೆಗಳು ಸುಮಾರು 4,500. ಆರು ವರ್ಷಗಳಲ್ಲಿ ಹೊಸದಾಗಿ ಸುಮಾರು 6,500 ಶಾಲೆಗಳು ತೆರೆದವು. ವಿದ್ಯಾರ್ಥಿಗಳ ಸಂಖ್ಯೆ 1.40 ಲಕ್ಷದಿಂದ 3.66 ಲಕ್ಷಕ್ಕೆ ಏರಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣ ಆರಂಭವಾಯಿತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ತಮ್ಮಂತೆ ಪುಣೆಗೆ ಹೋಗಬೇಕಾದ ಅನಿವಾರ್ಯ ಮುಂದಿನ ಹುಡುಗರಿಗೆ ಉಳಿಯಲಿಲ್ಲ. ಪಂಚಮ ಮಕ್ಕಳನ್ನು ಸಾರ್ವಜನಿಕ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂಬ 1915ರ ಆದೇಶವೂ ಇದೇ ಅವಧಿಯದು. ಅದರ ವಿರುದ್ಧ ಎದ್ದ ಕೂಗು ಜೋರಾಗಿಯೇ ಇತ್ತು. ಆದರೂ ಆದೇಶವನ್ನು ಹಿಂತೆಗೆದುಕೊಳ್ಳಲಿಲ್ಲ.

ವಿಶ್ವವಿದ್ಯಾಲಯಕ್ಕೆ ಮೊದಲು ಸಮೀಕ್ಷೆ

ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಬೇಕೆಂಬ ಪ್ರಸ್ತಾವ ಬಂದಾಗ ವಿರೋಧ ಎರಡು ದಿಕ್ಕಿನಿಂದ ಬಂತು. ಹೊರಗಿನವರಿಗೆ ದೇಶೀಯ ಸಂಸ್ಥಾನವೊಂದು ಪದವಿ ನೀಡುವುದೇ ವಿಚಿತ್ರವಾಗಿ ಕಂಡಿತು. ಅದುವರೆಗೆ ವಿಶ್ವವಿದ್ಯಾಲಯಗಳಿದ್ದುದು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಮಾತ್ರ. ಒಳಗಿನವರು ಸಣ್ಣ ರಾಜ್ಯಕ್ಕೆ ಇಷ್ಟು ದೊಡ್ಡ ಖರ್ಚು ಏಕೆಂದು ಕೇಳಿದರು.

ಇದಕ್ಕೆ ದಿವಾನರ ಬಳಿ ಇದ್ದದ್ದು ತಮ್ಮ ಹಳೆಯ ಅಸ್ತ್ರ, ಹೋಲಿಕೆ. ಆಸ್ಟ್ರೇಲಿಯಾದ ಅಂದಿನ ಜನಸಂಖ್ಯೆ ಸುಮಾರು 44 ಲಕ್ಷ. ಮೈಸೂರಿಗಿಂತ ಕಡಿಮೆ. ಆದರೂ ಸಿಡ್ನಿ, ಮೆಲ್ಬರ್ನ್, ಅಡಿಲೇಡ್ ಮೊದಲಾಗಿ ಅಲ್ಲಿ ಆರು ವಿಶ್ವವಿದ್ಯಾಲಯಗಳು ಸ್ಥಾಪನೆಯಾಗಿದ್ದವು. 58 ಲಕ್ಷ ಜನರಿರುವ ಮೈಸೂರಿಗೆ ಒಂದೂ ಇಲ್ಲ. ಸಣ್ಣ ರಾಜ್ಯವೆಂಬ ವಾದ ಅಲ್ಲಿಗೆ ನಿಂತಿತು.

ಕಾಯಿದೆ ರೂಪುಗೊಳ್ಳುವ ಮುನ್ನ ಮತ್ತೊಂದು ಮಹತ್ವದ ಕೆಲಸ ನಡೆಯಿತು. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಂ ಎಂಬ ಇಬ್ಬರು ವಿದ್ವಾಂಸರನ್ನು ವಿದೇಶಗಳ ಉನ್ನತ ಶಿಕ್ಷಣ ವ್ಯವಸ್ಥೆಯ ಅಧ್ಯಯನಕ್ಕೆ ನಿಯೋಜಿಸಲಾಯಿತು. ಅವರು ಕಂಡು ಬಂದ ಆಕ್ಸ್‌ಫರ್ಡ್, ಕೇಂಬ್ರಿಜ್ ಮಾದರಿಯ ಬೋಧನೆ, ಷಿಕಾಗೊ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳು ಜನಸಾಮಾನ್ಯರೆಡೆಗೆ ಚಾಚಿದ್ದ ವಿಸ್ತರಣಾ ಕಾರ್ಯ, ಇವೆಲ್ಲ ಹೊಸ ವಿಶ್ವವಿದ್ಯಾಲಯದ ವಿನ್ಯಾಸಕ್ಕೆ ಆಧಾರವಾದವು. ಬೇರೆ ಸಂಸ್ಥೆಗಳೊಡನೆ ತಮ್ಮ ಸಂಸ್ಥೆಯನ್ನು ತೂಗಿ ನೋಡುವ ಈ ಕ್ರಮವನ್ನು ಇಂದಿನ ಕುಲಪತಿಗಳು ಬೆಂಚ್‌ಮಾರ್ಕಿಂಗ್ ಎನ್ನುತ್ತಾರೆ. ಕಟ್ಟಡಕ್ಕೆ ಅಡಿಗಲ್ಲು ಹಾಕಿ ಆಮೇಲೆ ಪಠ್ಯಕ್ರಮ ಹುಡುಕುವ ಇತ್ತೀಚಿನ ಕೆಲವು ಉದಾಹರಣೆಗಳನ್ನು ನೆನೆದರೆ, ಅಂದಿನ ತಾಳ್ಮೆ ದೊಡ್ಡದೆನಿಸುತ್ತದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಮಹಾರಾಜರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬಗಳು.

ಎರಡೇ ಕಂಬಗಳು ಎಂಬುದನ್ನು ಕೋಲಾರ ಜಿಲ್ಲೆಯ ಕಡೆಯಿಂದಲೂ ನೋಡಬೇಕು. ಬೆಂಗಳೂರು, ಮೈಸೂರು ಬಿಟ್ಟರೆ ಸಂಸ್ಥಾನದ ದೊಡ್ಡ ನಗರ ಕೆಜಿಎಫ್. ಅಲ್ಲಿಯ ಅಥವಾ ಬೌರಿಂಗ್‌ಪೇಟೆಯ ಹುಡುಗನೊಬ್ಬ ಪದವಿ ಓದಬೇಕೆಂದರೆ ರೈಲು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ದಿವಾನರ ಕಾಲದಲ್ಲಿ ರೈಲು ಬೆಳೆದದ್ದು ನಿಜ. ಬೌರಿಂಗ್‌ಪೇಟೆ-ಕೋಲಾರ ಕಿರುಮಾರ್ಗ 1913ರಲ್ಲಿ ಆರಂಭವಾಗಿ, ಮುಂದೆ ಚಿಕ್ಕಬಳ್ಳಾಪುರದತ್ತ ಚಾಚಿ ಅವರ ಹುಟ್ಟೂರಿನ ಸೀಮೆಯನ್ನು ಮುಖ್ಯ ಮಾರ್ಗಕ್ಕೆ ಜೋಡಿಸಿತು. ಆದರೆ ಗಣಿ ಕಾರ್ಮಿಕನ ಮಗನಿಗೆ ರೈಲಿನ ಟಿಕೆಟ್ಟಿಗಿಂತ ದೊಡ್ಡ ಅಡ್ಡಿಗಳಿದ್ದವು. ಮನೆಮಾತು ತಮಿಳು, ಸುತ್ತಲಿನ ನಾಡು ಕನ್ನಡ ತೆಲುಗು, ಕಾಲೇಜಿನ ಭಾಷೆ ಇಂಗ್ಲಿಷ್, ಮನೆಯಲ್ಲಿ ಓದಿದವರಿಲ್ಲ, ಹುಡುಗ ಕೈಕಾಲು ಬಲಿತೊಡನೆ ದುಡಿಯಲು ಇಳಿಯಬೇಕು. ಸಂಸ್ಥಾನದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಏರಿತೆಂಬ ಅಂಕಿ ಈ ಹುಡುಗನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಒಟ್ಟು ಮೊತ್ತವನ್ನು ಬಿಡಿಸಿ ನೋಡಿದಾಗ ಮಾತ್ರ ಯಾರು ಒಳಗೆ, ಯಾರು ಹೊರಗೆ ಎಂಬುದು ಕಾಣುತ್ತದೆ. ಬಿಡಿಸಿ ನೋಡುವ ಕೆಲಸ ಬೇರೆಯವರಿಂದ ನಡೆಯಿತು.

ಲೆಕ್ಕವೇ ಎದುರು ನಿಂತಾಗ

1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯ ಮುಖಂಡರು ಮಹಾರಾಜರನ್ನು ಕಂಡು ಬಿನ್ನವಿಸಿಕೊಂಡದ್ದು ಇದೇ ವಿಷಯ. ಜನಸಂಖ್ಯೆಯಲ್ಲಿ ಅತ್ಯಲ್ಪವಾದ ಬ್ರಾಹ್ಮಣ ಸಮುದಾಯ ಕಾಲೇಜುಗಳಲ್ಲಿಯೂ, ಸರ್ಕಾರಿ ಹುದ್ದೆಗಳಲ್ಲಿಯೂ ಬಹುಪಾಲು ಸ್ಥಾನ ಹೊಂದಿತ್ತು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮತ್ತಿತರ ಸಮುದಾಯಗಳು ಬಹಳ ಹಿಂದೆ ಉಳಿದಿದ್ದವು. ಇದು ಬರಿಯ ಆರೋಪವಾಗಿರಲಿಲ್ಲ. ಸರ್ಕಾರದ ಗಣತಿ ವರದಿಗಳು, ಹುದ್ದೆಗಳ ಪಟ್ಟಿಗಳು ಅದನ್ನೇ ಹೇಳುತ್ತಿದ್ದವು. 1918ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

ವಿಶ್ವೇಶ್ವರಯ್ಯನವರ ನಿಲುವು ಬೇರೆಯಾಗಿತ್ತು. ಶಿಕ್ಷಣ ಹರಡಿದರೆ ಅಸಮಾನತೆ ತಾನಾಗಿ ಕರಗುವುದು; ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಡಿ, ಶಾಲೆ ತೆರೆಯಿರಿ, ಆದರೆ ನೇಮಕಾತಿಯಲ್ಲಿ ಅರ್ಹತೆಯೊಂದೇ ಮಾನದಂಡವಾಗಿರಲಿ; ಇಲ್ಲವಾದರೆ ಆಡಳಿತದ ದಕ್ಷತೆ ಕುಸಿಯುವುದು. ಇದು ಅವರ ನಂಬಿಕೆ. ಸ್ವಂತ ಶ್ರಮದಿಂದ ಮೇಲೆ ಬಂದ ವ್ಯಕ್ತಿಗೆ ಸಹಜವಾದ ನಂಬಿಕೆಯೂ ಹೌದು. ಆದರೆ ಪ್ರತಿಯೊಂದಕ್ಕೂ ಅಂಕಿ ಕೇಳುತ್ತಿದ್ದ ದಿವಾನರು ಈ ವಿಷಯದಲ್ಲಿ ಅಂಕಿಗಿಂತ ನಂಬಿಕೆಗೆ ಹೆಚ್ಚು ತೂಕ ಕೊಟ್ಟರೆಂದು ಹೇಳದೆ ವಿಧಿಯಿಲ್ಲ. ಶಾಲೆ ತೆರೆದೊಡನೆ ಎಲ್ಲರೂ ಒಂದೇ ವೇಗದಲ್ಲಿ ಕಾಲೇಜಿಗೆ ಬರುವುದಿಲ್ಲ ಎಂಬುದನ್ನು ತೋರಿಸಲು ಬೇಕಾದ ದಾಖಲೆಗಳು ಅವರದೇ ಸರ್ಕಾರದ ಬೀರುಗಳಲ್ಲಿದ್ದವು. ಅವರ ಪಕ್ಷದಲ್ಲಿಯೂ ಹೇಳಬೇಕಾದ ಮಾತೊಂದಿದೆ. ಆರು ವರ್ಷಗಳಲ್ಲಿ ತೆರೆದ ಶಾಲೆಗಳ ಮಕ್ಕಳು ಕಾಲೇಜಿನ ವಯಸ್ಸಿಗೆ ಇನ್ನೂ ಬಂದಿರಲಿಲ್ಲ. ಅವರು ಕಾಲಾವಕಾಶ ಕೇಳುತ್ತಿದ್ದರು. ಕಾದು ದಣಿದಿದ್ದವರು ಅದನ್ನು ಕೊಡಲು ಸಿದ್ಧರಿರಲಿಲ್ಲ.

ಮಹಾರಾಜರು ಸಮಿತಿಯ ಪರ ನಿಂತರು. ವಿಶ್ವೇಶ್ವರಯ್ಯನವರು 1918ರ ಕೊನೆಗೆ ಅಧಿಕಾರದಿಂದ ಹೊರಬಂದರು. ಇಬ್ಬರ ನಡುವಿನ ಗೌರವ ಕೆಡಲಿಲ್ಲ. 1919ರಲ್ಲಿ ವರದಿ ಸಲ್ಲಿಸಿದ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಹಂತದ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಸಮುದಾಯವಾರು ಸಾಕ್ಷರತೆ ಮತ್ತು ಹುದ್ದೆಗಳ ಲೆಕ್ಕವೇ ಅದರ ಬುನಾದಿ. ದೇಶದಲ್ಲಿ ಮೀಸಲಾತಿಯ ಇತಿಹಾಸ ಬರೆಯುವವರು ಇಂದಿಗೂ ಈ ವರದಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕೆಜಿಎಫ್‌ನ ಕಾರ್ಮಿಕರ ಸ್ಥಿತಿಗೆ ಈ ವರದಿಯಿಂದ ತಕ್ಷಣದ ಬದಲಾವಣೆಯೇನೂ ಆಗಲಿಲ್ಲ. ಅವರನ್ನು ಎಣಿಸುವ ಕ್ರಮವೇ ಬೇರೆಯಿತ್ತು. ಚಿನ್ನದ ಕಳವು ತಡೆಯುವ ನೆಪದಲ್ಲಿ ಪ್ರತಿ ಕಾರ್ಮಿಕನ ಬೆರಳಚ್ಚು ಪಡೆದು ನೋಂದಾಯಿಸುವ ನಿಯಮ ಬಂದಾಗ, 1930ರಲ್ಲಿ ಗಣಿಗಳು ಸ್ತಬ್ಧವಾದವು. ಸಾವಿರಾರು ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿದರು. ಲೆಕ್ಕ ಯಾರಿಗಾಗಿ ಎಂಬ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಆ ಕಾಲದಲ್ಲಿ ಕೇಳಿದವರು ವಿರಳ.

ಹುದ್ದೆ ಬಿಟ್ಟ ಮೇಲೂ ಅದೇ ಕಾಯಕ

ಅಧಿಕಾರ ತೊರೆದಾಗ ವಿಶ್ವೇಶ್ವರಯ್ಯನವರಿಗೆ 57 ವರ್ಷ. ಮುಂದೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರು ಬದುಕಿದರು. ವಿದೇಶ ಪ್ರವಾಸದ ನಂತರ 1920ರಲ್ಲಿ ಪ್ರಕಟಿಸಿದ ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ ಗ್ರಂಥದಲ್ಲಿ, 1934ರ ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾದಲ್ಲಿ ಅವರು ಒತ್ತಿ ಹೇಳಿದ್ದು ಒಂದೇ ವಿಚಾರ. ದೇಶಕ್ಕೆ ನಂಬಲರ್ಹ ಅಂಕಿಅಂಶ ಬೇಕು, ಅದನ್ನು ಸಂಗ್ರಹಿಸುವ ಸ್ಥಿರ ವ್ಯವಸ್ಥೆ ಬೇಕು, ಅದರ ಮೇಲೆ ಯೋಜನೆ ನಿಲ್ಲಬೇಕು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳಿಗೆ ಹದಿನೇಳು ವರ್ಷ ಮೊದಲೇ ಬಂದ ಗ್ರಂಥವದು. 1921-22ರಲ್ಲಿ ಮುಂಬಯಿ ಸರ್ಕಾರದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಡಳಿತದಲ್ಲಿಯೂ ದೀರ್ಘಕಾಲ ತೊಡಗಿಕೊಂಡರು.

ಎಂಬತ್ತು ದಾಟಿದ ಮೇಲೆ ಅವರು ರೂಪಿಸಿದ ಗ್ರಾಮ ಕೈಗಾರಿಕೀಕರಣ ಯೋಜನೆಯನ್ನು 1940ರ ದಶಕದ ಕೊನೆಗೆ ಪ್ರಯೋಗಕ್ಕೆ ಒಡ್ಡಿದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. ಹಳ್ಳಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಉತ್ಪಾದನೆ, ಕಸುಬುಗಳ ಲೆಕ್ಕವಿಟ್ಟು, ವರ್ಷದಿಂದ ವರ್ಷಕ್ಕೆ ಹೆಚ್ಚಳವನ್ನು ಹೋಲಿಸುವುದು ಅದರ ತಿರುಳು. ಹುಟ್ಟಿದ ಜಿಲ್ಲೆಗೆ ಕೊನೆಯ ವರ್ಷಗಳಲ್ಲಿ ಅವರು ಮರಳಿದ್ದು ಹೀಗೆ, ಕೈಯಲ್ಲಿ ತಖ್ತೆ ಹಿಡಿದು. 1955ರಲ್ಲಿ ಭಾರತರತ್ನ ಸಂದಿತು. ನೂರು ವರ್ಷದ ತುಂಬು ಜೀವನ ಪೂರೈಸಿ 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು. 1956ರಲ್ಲಿ ರಾಜ್ಯ ಸರ್ಕಾರದ ವಶಕ್ಕೆ ಬಂದಿದ್ದ ಕೋಲಾರದ ಗಣಿಗಳು ಕೇಂದ್ರ ಸರ್ಕಾರಕ್ಕೆ ಹಸ್ತಾಂತರವಾದದ್ದೂ 1962ರಲ್ಲಿಯೇ.

ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ನಿನಷ್ಟು. ಸೈನೈಡ್ ಗುಡ್ಡಗಳ ನಡುವಿನ ಊರಿನಿಂದ ಸಾವಿರಾರು ಮಂದಿ ಪ್ರತಿದಿನ ಮುಂಜಾನೆ ಮಾರಿಕುಪ್ಪಂ, ಬಂಗಾರಪೇಟೆ ಮಾರ್ಗದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಜಿಎಫ್ ಮತ್ತು ಬಂಗಾರಪೇಟೆಗಳಲ್ಲಿ ಈಗ ಪದವಿ ಕಾಲೇಜುಗಳಿವೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿ ರಚಿಸಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕೋಲಾರದ ಟಮಕ. ಪ್ರವೇಶದಿಂದ ಅಂಕಪಟ್ಟಿಯವರೆಗೆ ವಿದ್ಯಾರ್ಥಿಯ ದಾಖಲೆ ರಾಜ್ಯದ ಏಕೀಕೃತ ಯುಯುಸಿಎಂಎಸ್ ತಂತ್ರಾಂಶದಲ್ಲಿ ಸೇರುತ್ತದೆ. 2010-11ರಿಂದ ಕೇಂದ್ರ ಶಿಕ್ಷಣ ಸಚಿವಾಲಯ ನಡೆಸುತ್ತಿರುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ನಮೂನೆಯನ್ನು ಈ ಕಾಲೇಜುಗಳೂ ಭರ್ತಿ ಮಾಡಬೇಕು. ಅದರಲ್ಲಿ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಬರೆದರೆ ಮುಗಿಯುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗಗಳ ಸಂಖ್ಯೆಯನ್ನೂ, ಪ್ರತಿ ವರ್ಗದ ವಿದ್ಯಾರ್ಥಿನಿಯರ ಸಂಖ್ಯೆಯನ್ನೂ ಬೇರೆ ಬೇರೆ ಅಂಕಣಗಳಲ್ಲಿ ತುಂಬಬೇಕು.